ಗಂಡನ ಹೆಸರಿನ ನಾನೂರು ಗಂಟೆ

ತಪ್ಪು ನನ್ನದೇ. ಮೊಮ್ಮಗಳು ಬೇಡವೆಂದರೂ ಕೇಳದೆ ಮಾಡಿದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಹೇಳುವುದು ಸುಲಭ.

ನಾನೂ ನನ್ನ ಗಂಡನೂ ಮುಂಬಯಿಯ ವಡಾಲದಲ್ಲಿ ಮೂವತ್ತೆಂಟು ವರ್ಷ ಹೋಟೆಲು ನಡೆಸಿದವರು. ಇಡ್ಲಿ, ವಡೆ, ಚಹಾ, ಎಂಟು ಮೇಜು. ಅದನ್ನು ಬೇರೆಯವರಿಗೆ ಕೊಟ್ಟ ಮೇಲೆ ವಿಲೆ ಪಾರ್ಲೆಯ ಈ ಒಂದು ಕೋಣೆ, ಅಡುಗೆಮನೆಯ ಬ್ಲಾಕಿಗೆ ಬಂದೆವು. ಇಲ್ಲಿ ತಲೆಯ ಮೇಲೆ ವಿಮಾನ ಹೋಗುವಾಗ ಟಿವಿಯ ಮಾತು ಕೇಳುವುದಿಲ್ಲ. ನನಗೆ ಅದು ರಗಳೆ, ಅವರಿಗೆ ಹುಚ್ಚು. ಜೀವಮಾನದಲ್ಲಿ ಒಮ್ಮೆಯೂ ವಿಮಾನ ಹತ್ತದ ಮನುಷ್ಯ, ಎಪ್ಪತ್ತನೇ ವಯಸ್ಸಿಗೆ ಕಂಪ್ಯೂಟರು ತರಿಸಿ ಅದರಲ್ಲಿ ವಿಮಾನ ಹಾರಿಸುವ ಸಾಫ್ಟ್‌ವೇರ್ ಹಾಕಿಸಿಕೊಂಡರು. ಸಿಮ್ಯುಲೇಟರ್ ಎನ್ನುತ್ತಾರೆ. ನಾನು ಆಟ ಎಂದರೆ ರೇಗುತ್ತಿದ್ದರು. ಆಟವೇ.

ಅವರ ಕಣ್ಣಿಗೆ ಪೊರೆ ಬಂದಿತ್ತು, ಪರದೆಯ ಮೇಲಿನ ಸಣ್ಣ ಅಂಕಿ ಕಾಣುತ್ತಿರಲಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ. ಪಕ್ಕದಲ್ಲಿ ಸ್ಟೂಲು ಹಾಕಿ ಕುಳಿತು ಎತ್ತರ, ವೇಗ ಎರಡನ್ನೂ ಕೂಗಿ ಹೇಳುವುದು ನನ್ನ ಕೆಲಸವಾಯಿತು.

"ಎಷ್ಟು?" ಎನ್ನುತ್ತಿದ್ದರು.

"ಎರಡು ಸಾವಿರ. ಬೀಳ್ತಾ ಉಂಟು."

"ಬೀಳುದಲ್ಲ ಮಾರಾಯ್ತಿ, ಇಳಿಯುದು."

"ನಿಮ್ಮ ಇಳಿಯುದೆಲ್ಲ ಸಮುದ್ರಕ್ಕೇ ಅಲ್ವಾ?"

ಹೀಗೆ ನಾಲ್ಕು ವರ್ಷ. ಹೋಟೆಲಿನ ಮೂವತ್ತೆಂಟು ವರ್ಷದಲ್ಲಿ ನಾವು ಅಷ್ಟು ಮಾತಾಡಿರಲಿಕ್ಕಿಲ್ಲ. ಹಾರಿದ್ದೆಲ್ಲ ಅದರೊಳಗಿನ ಲಾಗ್‌ಬುಕ್ಕಿನಲ್ಲಿ ಅವರ ಹೆಸರಿನ ಕೆಳಗೆ ಗಂಟೆಗಳಾಗಿ ಸೇರುತ್ತಿತ್ತು. ಅವರು ತೀರಿಕೊಂಡ ದಿನಕ್ಕೆ ನಾನೂರ ಹನ್ನೆರಡು ಗಂಟೆ.

ಉತ್ತರಕ್ರಿಯೆ ಮುಗಿಸಿ ಮಗ ಠಾಣೆಗೆ ಹೊರಟ. ನೀನೂ ಬಾ ಎಂದ. ಅಲ್ಲಿ ನಾನು ಹಾಲ್‌ನಲ್ಲಿ ಮಲಗಬೇಕು, ಎಲ್ಲರ ಟಿವಿ ಮುಗಿಯುವವರೆಗೆ ಎದ್ದಿರಬೇಕು. ಬೇಡವೆಂದೆ. ಅವನೂ ಎರಡನೇ ಸಲ ಕೇಳಲಿಲ್ಲ.

ಸಂಜೆ ಏನು ಮಾಡುವುದೆಂದು ತಿಳಿಯದೆ ಒಂದು ದಿನ ಕಂಪ್ಯೂಟರಿನ ಗುಂಡಿ ಒತ್ತಿದೆ. ಅವರ ಹೆಸರು ಬಂತು. ಅವರ ಕುರ್ಚಿಯಲ್ಲಿ ಕುಳಿತು ಹಾರಿಸಿದೆ. ಬಿತ್ತು. ಮತ್ತೆ ಹಾರಿಸಿದೆ. ಮೂರು ತಿಂಗಳಲ್ಲಿ ಕೆಳಗಿಳಿಸಲು ಬಂತು. ಆದರೆ ಗಂಟೆ ಅವರ ಹೆಸರಿಗೇ ಏರುತ್ತಿತ್ತು. ನಾನೂರ ಮೂವತ್ತಾಯಿತು. ಸತ್ತ ಗಂಡ ದಿನಾ ವಿಮಾನ ಹಾರಿಸುತ್ತಿದ್ದಾನೆ, ಬದುಕಿದ್ದವಳ ಸುದ್ದಿಯೇ ಇಲ್ಲ. ಇದು ಸರಿಯಲ್ಲ, ಅವರ ಗಂಟೆಗಳ ಸಮೇತ ಆ ಸಾಫ್ಟ್‌ವೇರಿನ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಬೇಕು ಎನಿಸಿತು.

ನಮಗೆ ಹೋಟೆಲಿನವರಿಗೆ ಲೈಸೆನ್ಸು ಎಂದರೆ ಗಲ್ಲಾದ ಹಿಂದೆ, ದೇವರ ಫೋಟೋದ ಪಕ್ಕ, ಗಾಜು ಹಾಕಿಸಿ ತೂಗುಹಾಕುವ ವಸ್ತು. ಮಾವ ತೀರಿಕೊಂಡಾಗ ಅವರ ಹೆಸರಿನ ಲೈಸೆನ್ಸಿನಲ್ಲೇ ಐದಾರು ತಿಂಗಳು ವ್ಯಾಪಾರ ಮಾಡಿದ್ದೆವು. ತಪಾಸಣೆಗೆ ಬಂದವನು ಗೋಡೆ ನೋಡಿ, ಸತ್ತವರ ಫೋಟೋಗೆ ಹಾರ ಹಾಕಿದ್ದೀರಿ, ಲೈಸೆನ್ಸಿಗೆ ಯಾಕೆ ಹಾಕಿಲ್ಲ ಎಂದು ಮರಾಠಿಯಲ್ಲಿ ಕೇಳಿದ. ಆಮೇಲೆ ಡೆತ್ ಸರ್ಟಿಫಿಕೇಟು ಕೊಟ್ಟು ಗಂಡನ ಹೆಸರಿಗೆ ಮಾಡಿಸಿದೆವು. ಸರ್ಟಿಫಿಕೇಟು ಕೊಟ್ಟರೆ ಹೆಸರು ಬದಲಾಗುತ್ತದೆ. ಲೈಸೆನ್ಸಿನ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ.

ಮೊಮ್ಮಗಳು ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ. ತಿಂಗಳಿಗೊಂದು ಭಾನುವಾರ ಬರುತ್ತಾಳೆ. ಅವಳಿಗೆ ಹೇಳಿದೆ.

"ಅಜ್ಜಿ, ಪಾಸ್‌ವರ್ಡ್ ನಿಂಗೆ ಗೊತ್ತುಂಟಲ್ಲ? ಚುಪ್‌ಚಾಪ್ ಆಡು. ಕಿಸಿಕೋ ಕ್ಯಾ ಪತಾ?"

"ಕಂಪನಿಯವ ಬಂದ್ರೆ?"

"ಕೌನ್ ಆಯೇಗಾ? ಫಾರಿನ್‌ನಿಂದ ನಿನ್ನ ಕಿಚನ್‌ಗೆ ರೇಡ್ ಮಾಡ್ಲಿಕ್ಕೆ ಬರ್ತಾರಾ?"

"ನಗ್ಬೇಡ. ಸರ್ಟಿಫಿಕೇಟು ಇಟ್ಟು ನನ್ನ ಹೆಸರಿಗೆ ಮಾಡಿ ಅಂತ ಬರೆ."

"ಪಕ್ಕಾ?"

"ಪಕ್ಕಾ."

ಬರೆದಳು. ವಾರದೊಳಗೆ ಉತ್ತರ ಬಂತು. ಫೋನಿನಲ್ಲಿ ಓದಿ ಹೇಳಿದಳು. ನಿಮ್ಮ ದುಃಖದಲ್ಲಿ ನಾವೂ ಭಾಗಿ. ಈ ಲೈಸೆನ್ಸು ಒಬ್ಬ ವ್ಯಕ್ತಿಗೆ, ಅವರ ಸ್ವಂತ ಹವ್ಯಾಸಕ್ಕೆ ಮಾತ್ರ. ಮಾರುವಂತಿಲ್ಲ, ಕೊಡುವಂತಿಲ್ಲ, ವಾರಸುದಾರರಿಗೂ ಸಿಗುವುದಿಲ್ಲ. ನೀವು ಕಳಿಸಿದ ಕಾಗದದ ಪ್ರಕಾರ ಅವರ ಖಾತೆಯನ್ನು ಮುಚ್ಚಿದ್ದೇವೆ.

ಗುಂಡಿ ಒತ್ತಿದೆ. ಅವರ ಹೆಸರು ಬರಲಿಲ್ಲ. ಗಂಟೆಗಳೂ ಹೋದವು. ಹೋಟೆಲನ್ನು ಉಳಿಸಿದ ಕಾಗದವೇ ಇದನ್ನು ಮುಗಿಸಿತು, ಅದೂ ನನ್ನ ಕೈಯಿಂದ. ನಾನು ಮೊದಲೇ ಹೇಳಿರಲಿಲ್ಲವಾ ಎಂದು ಮೊಮ್ಮಗಳು ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಮೂರು ವಾರ ಕಂಪ್ಯೂಟರು ಮುಟ್ಟಲಿಲ್ಲ. ಆಮೇಲೆ ಸ್ಟೇಷನ್ ಬಳಿಯ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ವಿಜಯಪುರದವನು, ಐವತ್ತರ ಮೇಲಿನ ಗಂಡಸು. ಎಲ್ಲ ಕೇಳಿ ತಲೆಯಾಡಿಸಿದ.

"ಅಮ್ಮಾರ, ನೀವು ಪಗಡಿ ಅಂತ ತಿಳ್ಕೊಂಡ್ರಿ. ಇದು ಪಗಡಿ ಅಲ್ರಿ, ಲೀವ್ ಆಂಡ್ ಲೈಸೆನ್ಸ್."

ಮುಂಬಯಿಯಲ್ಲಿ ಇಷ್ಟು ವರ್ಷ ಕಳೆದವಳಿಗೆ ತಟ್ಟನೆ ಅರ್ಥವಾಯಿತು. ದೊಡ್ಡ ಮೊತ್ತ ಕೊಟ್ಟು ಹಿಡಿದ ಪಗಡಿಯ ಖೋಲಿ, ಬಾಡಿಗೆಯದಾದರೂ, ಅಪ್ಪನಿಂದ ಮಗನಿಗೆ ಬರುತ್ತದೆ. ಲೀವ್ ಆಂಡ್ ಲೈಸೆನ್ಸಿನ ಮನೆಯಲ್ಲಿ, ಕಾಗದದಲ್ಲಿ ಹೆಸರಿದ್ದವನನ್ನು ಇರಲು ಬಿಟ್ಟಿರುತ್ತಾರೆ, ಅಷ್ಟೇ.

"ದುಡ್ಡು ಕೊಟ್ಟು ತಕೊಂಡದ್ದಲ್ವಾ?" ಎಂದೆ.

"ದುಡ್ಡು ಕೊಟ್ಟಿದ್ದು ಹಾರಸಾಕ್ರಿ. ಅದರಿಂದ ಅದು ನಿಮ್ಮದಾಗಂಗಿಲ್ಲ."

ಬೇರೆ ಯಾವುದಿದೆ ಎಂದು ಕೇಳಿದೆ. ಒಂದೊಂದಾಗಿ ತೋರಿಸಿದ. ಒಂದಕ್ಕೆ ತಿಂಗಳು ತಿಂಗಳು ಬಾಡಿಗೆ. ನಿಲ್ಲಿಸಿದರೆ ವಿಮಾನವೂ ನಿಲ್ಲುತ್ತದೆ. ಇನ್ನೊಂದಕ್ಕೆ ಒಮ್ಮೆ ಕೊಟ್ಟರೆ ಸಾಕು, ಆದರೆ ಅದೂ ಒಬ್ಬರ ಹೆಸರಿಗೆ, ಮನೆಯೊಳಗಿನ ಹವ್ಯಾಸಕ್ಕೆ. ಯಾರಿಗಾದರೂ ಕಲಿಸಿ ಹಣ ತೆಗೆದುಕೊಂಡರೆ ಬೇರೆ ಲೈಸೆನ್ಸು, ಅದು ದುಬಾರಿ. ಆಮೇಲೆ ದನಿ ತಗ್ಗಿಸಿದ.

"ಬೀಗ ಮುರದ ಕಳ್ಳ ಕಾಪಿನೂ ಐತ್ರಿ. ಯಾರೂ ಕೇಳಂಗಿಲ್ಲ."

"ಲೈಸೆನ್ಸು ಸರಿಯಿಲ್ಲದ ಗಲ್ಲಾದಲ್ಲಿ ಕೂತವಳು ನಾನು. ಆ ಸುಖ ಗೊತ್ತುಂಟು. ಬೇಡ."

ನಕ್ಕ. ಕೊನೆಗೆ ಒಂದು ಪುಕ್ಕಟೆಯದನ್ನು ತೋರಿಸಿದ. ಎಲ್ಲೆಲ್ಲಿಯವರೋ ಸೇರಿ ಮಾಡಿದ್ದಂತೆ. ಬಳಸಬಹುದು, ನಕಲು ಮಾಡಿ ಕೊಡಬಹುದು, ಒಳಗೆ ಬೇಕಾದ ಹಾಗೆ ತಿದ್ದಲೂಬಹುದು. ಬೇರೆಯವರಿಗೆ ಕೊಡುವಾಗ ಅದೇ ಸ್ವಾತಂತ್ರ್ಯವನ್ನು ಅವರಿಗೂ ಕೊಡಬೇಕು. ಚಿತ್ರ ಮಾತ್ರ ಅಷ್ಟಕ್ಕಷ್ಟೇ. ಮೇಲಿನಿಂದ ನೋಡಿದರೆ ಮುಂಬಯಿ, ನೆಲ ಒರೆಸುವ ಬಟ್ಟೆಯಂತಿತ್ತು.

"ಸತ್ತರೆ ಇವರಿಗೆ ಬರೀಬೇಕಾ?"

"ಯಾರಿಗೂ ಬ್ಯಾಡ್ರಿ. ಇವ್ರು ಹೆಸರ ಕೇಳಂಗಿಲ್ಲ."

ಅದನ್ನೇ ಹಾಕು ಎಂದೆ. ಮರುದಿನ ಮನೆಗೆ ಬಂದು ಹಾಕಿದ. ಎಲ್ಲ ಮುಗಿದ ಮೇಲೆ ತಾನಾಗಿಯೇ ಕೇಳಿದ.

"ಇದರ ಲಾಗ್‌ಬುಕ್ ನಿಮ್ಮ ಕಂಪ್ಯೂಟರ್‌ನಾಗ ಇರತೈತ್ರಿ. ಯಜಮಾನ್ರು ಎಷ್ಟು ತಾಸು ಹಾರಿಸಿದ್ರು? ನಾ ಬರದ ಬಿಡ್ತೀನಿ. ಒಂದು ಸಾಲಿನ ಕೆಲಸ. ತಿದ್ದಾಕ ಪರವಾನಗಿ ಐತಿ."

ಸುಳ್ಳು ಹೇಳುವುದಿಲ್ಲ, ಬಾಯಿಗೆ ಬಂದಿತ್ತು. ನಾನೂರ ಹನ್ನೆರಡು, ನಾನು ಸೇರಿಸಿದ್ದನ್ನು ಬಿಟ್ಟು. ಅವನ ಬೆರಳು ಕೀಲಿಗಳ ಮೇಲೆ ಕಾಯುತ್ತಿತ್ತು.

"ಬೇಡ. ಅವರು ಹಾರಿಸಿದ್ದು ಅದರಲ್ಲಿ. ಇದರಲ್ಲಿ ಅವರು ಕೂತೇ ಇಲ್ಲ."

"ನಿಮಗ ಸಮಾಧಾನ ಆಗ್ತಿತ್ತಲ್ರಿ."

"ಸಮಾಧಾನಕ್ಕೆ ಬರೆಯುದಾದ್ರೆ ಸಾವಿರ ಅಂತ ಬರಿ, ಯಾರು ಬೇಡ ಅಂತಾರೆ? ಚಹಾ ಕುಡಿದು ಹೋಗು."

ಚಹಾ ಕುಡಿದು ಹೋದ. ನಾನು ಬಾಗಿಲು ಹಾಕಿ ಕುಳಿತೆ. ಮುಂಬಯಿಯಿಂದ ಏರಿ ಜುಹುವಿನ ಮೇಲೆ ಹೋದೆ. ಇದರಲ್ಲಿ ಅಂಕಿಗಳ ಜಾಗವೇ ಬೇರೆ, ಎತ್ತರ ನೋಡಲು ಹೋದರೆ ವೇಗ ತಪ್ಪುತ್ತಿತ್ತು, ವೇಗ ನೋಡಿದರೆ ಎತ್ತರ. ತಿರುಗಿ ಬರುವಷ್ಟರಲ್ಲಿ ಮೂತಿ ತಗ್ಗಿ ಸಮುದ್ರಕ್ಕೆ ಬಿತ್ತು. ಲಾಗ್‌ಬುಕ್ಕು ತೆರೆದೆ. ಹೆಸರಿನ ಜಾಗ ಖಾಲಿ. ಅದರ ಮುಂದೆ ಹನ್ನೊಂದು ನಿಮಿಷ. ಅಳಿಸಲಿಲ್ಲ, ಇರಲಿ ಎಂದು ಬಿಟ್ಟೆ.