ಬೀಗದಕೈ ಒಳಗೇ ಉಳಿಯಿತು

ಸ್ನೇಹಿತರೇ, ಹನ್ನೊಂದು ವರ್ಷದ ಫೋಟೊ, ವಿಡಿಯೊಗಳನ್ನೆಲ್ಲ ಇಟ್ಟಿದ್ದ ನಮ್ಮ ಮನೆಯ ಸರ್ವರ್ ಇಂದು ಬೆಳಿಗ್ಗೆ ಕೆಟ್ಟು ನಿಂತಿತು. ನಾನು ಕಾಫಿ ಲೋಟವನ್ನೂ ಕೆಳಗಿಡಲಿಲ್ಲ. ಎಲ್ಲದರ ಪ್ರತಿಯೂ ಕ್ಲೌಡ್‌ನಲ್ಲಿದೆ, ಯಾರೂ ಕದಿಯದಂತೆ ಪಾಸ್‌ವರ್ಡ್ ಹಾಕಿ ಭದ್ರ ಮಾಡಿದ್ದೇನೆ ಎಂದು ಹೆಂಡತಿಗೆ ಗತ್ತಿನಿಂದ ಹೇಳಿದೆ.

“ಸರಿ, ಅತ್ತೆ ಸೋಬಾನೆ ಹಾಡಿದ್ ವಿಡಿಯೊ ಮೊದ್ಲು ತೆಗೀರಿ. ಅದು ಓಯ್ತು ಅಂದ್ರ ಮತ್ತ ಸಿಕ್ಕಲ್ಲ,” ಎಂದಳು. ತೀರಿಕೊಂಡ ಅಮ್ಮನ ದನಿ ಉಳಿದಿರುವುದು ಅದೊಂದರಲ್ಲೇ.

ಕ್ಲೌಡ್ ನಲವತ್ತು ಅಕ್ಷರದ ಪಾಸ್‌ವರ್ಡ್ ಕೇಳಿತು. ಅದನ್ನು ಜೋಪಾನವಾಗಿ ಒಂದು ಫೈಲಿನಲ್ಲಿ ಬರೆದಿಟ್ಟಿದ್ದೆ. ಆ ಫೈಲ್ ಇದ್ದದ್ದು ಕೆಟ್ಟು ನಿಂತ ಸರ್ವರಿನಲ್ಲಿ.

ಕ್ಲೌಡ್ ಕಂಪನಿಗೆ ಫೋನ್ ಮಾಡಿದೆ. “ತುಂಬಾ ಭದ್ರವಾಗಿ ಇಟ್ಟಿದ್ದೀರಿ ಸಾರ್, ನಮಗೂ ತೆಗೆಯೋಕಾಗಲ್ಲ,” ಎಂದು ಮೆಚ್ಚಿಕೊಂಡರು.

“ಬೀಗ ಜಡ್ದು ಬೀಗದಕೈನ ಒಳ್ಗೇ ಮಡಗ್ಬುಟ್ರಾ?” ಎಂದಳು ಹೆಂಡತಿ.

ಬೇರೆ ದಾರಿ ಕಾಣದೆ ಬೇಗೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ, ಅಮ್ಮನ ವಿಡಿಯೊ ಕಳೆದುಬಿಟ್ಟೆ ಎಂದು ಒಪ್ಪಿಕೊಂಡೆ.

“ಅದ್ಯಾಕ್ಲಾ ಅಳ್ತೀಯ? ನೀನೇ ಗ್ರೂಪ್‌ಗೆ ಆಕಿದ್ದಲ್ಲ, ನನ್ ಫೋನಲ್ಲೇ ಅದ ಕಣ್ಲಾ. ದಿನಾ ಅದ್ನ ಕೇಳ್ಕಂಡೇ ಅಡ್ಗ ಮಾಡದು,” ಎಂದಳು ಅಕ್ಕ.

ಎರಡು ನಿಮಿಷದಲ್ಲಿ ವಿಡಿಯೊ ಬಂತು. ಚಿತ್ರ ಮಸುಕು, ಅಮ್ಮನ ದನಿ ಮಾತ್ರ ಸ್ವಚ್ಛ. ಇಬ್ಬರೂ ನಿಂತಲ್ಲೇ ನಿಂತು ಕೊನೆಯವರೆಗೂ ಕೇಳಿದೆವು.

ನಾಳೆ ಗುಂಡ್ಲುಪೇಟೆಯ ನಮ್ಮ ಕಾಲೇಜಿನಲ್ಲಿ ‘ಮಾಹಿತಿ ಸುರಕ್ಷತೆ’ ಕುರಿತು ಉಪನ್ಯಾಸವಿದೆ. ಮಾತಾಡಬೇಕಾದವನು ನಾನೇ. ಅಕ್ಕನನ್ನು ಮೊದಲ ಬಸ್ಸಿಗೇ ಹತ್ತಿಸಿ ಎಂದು ಭಾವನಿಗೆ ಹೇಳಿದ್ದೇನೆ.