ಬಿರುಕಿನ ಮೇಲಿನ ಬಿಳಿ ಬಿಲ್ಲೆ

1993ರ ಸೆಪ್ಟೆಂಬರ್ 30ರಂದು, ನಸುಕಿನ ನಾಲ್ಕರ ಸುಮಾರಿಗೆ, ಭೂಕಂಪವಾಯಿತು. ಉಮರ್ಗಾದ ನಮ್ಮ ಕಲ್ಲುಮಣ್ಣಿನ ಮನೆ ಬೀಳಲಿಲ್ಲ. ನಡುಕೋಣೆಯ ಗೋಡೆಯಲ್ಲಿ ಬಿರುಕು ಬಂತು. ಅಂದಿನಿಂದ ನಾವು ಅಂಗಳದ ತಗಡಿನ ಶೆಡ್ಡಿನಲ್ಲಿ ಮಲಗುತ್ತಿದ್ದೆವು.

ಆ ಚಳಿಗಾಲದಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿ, ಹೆಣ್ಣು ಹಡೆದಳು. ನಿಲಂಗಾದ ತವರುಮನೆ ಬಿದ್ದಿದ್ದರಿಂದ ಬಾಣಂತನ ನಮ್ಮಲ್ಲೇ ಆಯಿತು. ಬೆಳಗಿನ ಜಾವ ತಗಡು ಹನಿಯುತ್ತಿತ್ತು. ಕೂಸಿಗೆ ಕೆಮ್ಮು ಹತ್ತಿತು.

ಬಿರುಕಿಗೆ ಅಡ್ಡಲಾಗಿ, ರೂಪಾಯಿ ನಾಣ್ಯದಷ್ಟು ಅಗಲದ ಬಿಳಿ ಬಿಲ್ಲೆಯೊಂದು ಅಂಟಿಕೊಂಡಿತ್ತು. ನೋಡಲು ಕಾಗದದಂತಿದ್ದರೂ ಅದು ಒಂದು ಜೇಡರ ಹುಳದ ಮನೆ. ಈ ಜೇಡ ಮೂಲೆಯಲ್ಲಿ ಬಲೆ ಕಟ್ಟುವುದಿಲ್ಲ, ಗೋಡೆಗೆ ಚಪ್ಪಟೆಯಾಗಿ ನೇಯ್ದು ಅದರಡಿ ಕೂರುತ್ತದೆ. ಅದಕ್ಕೆ ಬೇರೆ ಹೆಸರಿರುವುದನ್ನು ನಾನು ಕೇಳಿಲ್ಲ. ಕೈ ಕೊಯ್ದುಕೊಂಡರೆ ನಮ್ಮ ಕಡೆ ಈ ಬಿಲ್ಲೆಯನ್ನೇ ಕಿತ್ತು ಗಾಯಕ್ಕೆ ಹಚ್ಚುತ್ತಾರೆ. ಹಾಗಾಗಿ ಅಪ್ಪನ ತಾಯಿ, ಆಯಿ, ವಾರಕ್ಕೊಮ್ಮೆ ಬಿರುಕಿಗೆ ಮಣ್ಣು ಮೆತ್ತಿ ಸಾರಿಸುವಾಗ ಬಿಲ್ಲೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಅಪ್ಪ ದಿನಾ ಅದನ್ನು ನೋಡಿ ಬರುತ್ತಿದ್ದ. “ಗ್ವಾಡಿ ಸರದ್ರ ಅದು ಹರೀತದ. ಹರದಿಲ್ಲ,” ಎನ್ನುತ್ತಿದ್ದ.

“ಹುಳಕ್ಕಿದ್ದ ಧೈರ್ಯ ನಿಮಗಿಲ್ಲ,” ಎಂದಳು ಆಯಿ. “ಕೂಸಿನ್ನ ಒಳಗ ತರ್ರಿ.”

“ಹುಳಕ್ಕೇನ್ರೀ ಆಯಿ,” ಎಂದಳು ವೈನಿ, “ಅದರ ಬಗಲಾಗ ಕೂಸದ ಏನ್ರೀ?”

ಆದರೂ ಕೆಮ್ಮು ಜೋರಾದಾಗ ಬಾಣಂತಿಯ ಹೊರಸು ನಡುಕೋಣೆಗೆ ಹೋಯಿತು. ಗಾಳಿ ತಾಗದಿರಲೆಂದು ಅದನ್ನು ಆ ಗೋಡೆಗೇ ಸೇರಿಸಿ ಹಾಕಿದರು.

ಕೆಲವು ದಿನಗಳ ನಂತರ ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಆಯಿಯ ಬೆರಳಿಗೆ ಈಳಿಗೆ ತಾಗಿತು. ಅವಳು ಎದ್ದು ಹೋಗಿ ರೂಢಿಯಂತೆ ಬಿಲ್ಲೆ ಕಿತ್ತಳು. ದೀಪ ಹಿಡಿದು ನಾನು ಪಕ್ಕದಲ್ಲಿದ್ದೆ. ಬಿಲ್ಲೆ ಒಂದೇ ಪದರದ್ದಾಗಿರಲಿಲ್ಲ. ಅಡಿಯ ಪದರಗಳು ಬಿರುಕಿನ ಗುಂಟ ಹರಿದಿದ್ದವು. ಹರಿದಂತೆಲ್ಲ ಜೇಡ ಮೇಲೆ ಹೊಸದು ನೇಯ್ದಿತ್ತು. ಅದರ ಹಿಂದಿನ ಸಂದಿನಲ್ಲಿ ಆಯಿಯ ಕಿರುಬೆರಳು ಪೂರ್ತಿ ಹೋಯಿತು. ಪಕ್ಕದ ಹೊಸ ಮಣ್ಣನ್ನು ಅವಳೇ ಉಗುರಿನಿಂದ ಕೆರೆದಳು. ಅದರಡಿಯಲ್ಲಿಯೂ ಬಿರುಕು ಅಷ್ಟೇ ಅಗಲವಿತ್ತು.

ಆಯಿ ಗಾಯಕ್ಕೆ ಏನನ್ನೂ ಹಚ್ಚಲಿಲ್ಲ. “ಕೂಸಿನ್ನ ಎತ್ತವಾ,” ಎಂದಳು.

ವೈನಿ ಮಗುವನ್ನೆತ್ತಿಕೊಂಡು ಶೆಡ್ಡಿಗೆ ಹೋದಳು. ಹೊರಸನ್ನು ನಾನೂ ಅಪ್ಪನೂ ಹೊರಗೆ ತಂದೆವು. ಕೆಮ್ಮು ಶಿವರಾತ್ರಿಯವರೆಗೂ ಇತ್ತು.

ಆ ಮಗು ಈಗ ಉದಗೀರದ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಗೋಡೆ ನಿಂತಿದೆ. ನಡುಕೋಣೆಗೆ ಬೀಗವಿದೆ. ಕಳೆದ ದೀಪಾವಳಿಯಲ್ಲಿ ಬಾಗಿಲ ಸಂದಿನಿಂದ ನೋಡಿದಾಗ ಬಿರುಕಿನ ಮೇಲೆ ಬಿಳಿ ಬಿಲ್ಲೆಯೊಂದಿತ್ತು. ಹರಿದಿರಲಿಲ್ಲ.