ಗೂಡ್ಸ್ ಗಾಡಿ ಕಲಿಸಿದ ಹನ್ನೊಂದು

ನಾನು ಲೆಕ್ಕದಲ್ಲಿ ಬಹುಮಾನ ತರುವುದು ಈ ಜನ್ಮದಲ್ಲಿ ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. "ಕೈಬೆರಳು ಮುಗಿದ್ರೆ ಕಾಲ್ಬೆರಳು ಎಣಿಸೋ ವಂಶ ನಮ್ದು" ಎಂದು ನಗುತ್ತಿದ್ದರು. ಆಗ ನಾನು ಏಳನೇ ಕ್ಲಾಸು. ನಮ್ಮದು ಭದ್ರಾವತಿ, ಅಪ್ಪ ಗಾರೆ ಕೆಲಸದವರು. ಮನೆಯಲ್ಲಿ ಹೈಸ್ಕೂಲು ಕಂಡವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಆ ಕಾಲದಲ್ಲಿ ಶಾಲೆಯಿಂದ ಬರುವಾಗ ರೈಲ್ವೆ ಗೇಟು ಹಾಕಿದ್ದರೆ ನಮಗೆ ಹಬ್ಬ. ಕಾಗದನಗರದ ಪೇಪರ್ ಕಾರ್ಖಾನೆ ಕಡೆಯಿಂದ ಗಾಳಿ ಬೀಸಿದರೆ ಬೆಂದ ಎಲೆಕೋಸಿನಂಥ ವಾಸನೆ, ಕೈಯಲ್ಲಿ ಬಿಸಿ ಕಡ್ಲೆಕಾಯಿ, ಪಕ್ಕದಲ್ಲಿ ಗೆಳತಿ ಸೆಲ್ವಿ. ಸಿಗ್ನಲ್ಲಿಗೆ ನಿಂತ ಗೂಡ್ಸ್ ಗಾಡಿಯ ಒಂದೊಂದು ವ್ಯಾಗನ್ ಮೇಲೂ ಉದ್ದದ ನಂಬರು. ಮೊದಲ ಅಂಕಿ ನನಗೆ, ಎರಡನೆಯದು ಅವಳಿಗೆ, ಮೂರನೆಯದು ಮತ್ತೆ ನನಗೆ. ಕೂಡಿಸಿದಾಗ ಹೆಚ್ಚು ಬಂದವಳಿಗೆ ಒಂದು ಕಡ್ಲೆಕಾಯಿ.

"ಏ ಕಳ್ಳಿ, ಮೊದಲ್ನೇದು ಯಾವಾಗ್ಲೂ ನಿಂಗೇ ಯಾಕೆ?" ಎನ್ನುತ್ತಿದ್ದಳು ಸೆಲ್ವಿ.

"ನೀನು ಕೂಡ್ಸೋದ್ರಲ್ಲಿ ಮೋಸ ಮಾಡ್ತೀಯಲ್ಲ, ಅದಕ್ಕೆ!"

ಇಬ್ಬರದೂ ಸಮ ಬಂದರೆ ನನಗೆ ಅವಳ ಮೇಲೆ ಅನುಮಾನ. ಅಂಥ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಮನೆಗೆ ಹೋಗಿ ಮತ್ತೆ ಕೂಡಿಸುತ್ತಿದ್ದೆ. ಶಾಲೆಯಲ್ಲಿ ಹನ್ನೊಂದರಿಂದ ಭಾಗಿಸುವುದು ನಡೆದಿದ್ದ ವಾರ, ಅಭ್ಯಾಸಕ್ಕೆಂದು ಆ ನಂಬರನ್ನೇ ಭಾಗಿಸಿದೆ. ಶೇಷ ಉಳಿಯಲಿಲ್ಲ. ಸಮ ಬಂದ ಇನ್ನೊಂದನ್ನು ಹಿಡಿದೆ. ಅದೂ ಹಾಗೇ. ಮತ್ತೊಂದು, ಅದೂ.

"ನಮ್ಮಾಟಕ್ಕೆ ದೆವ್ವ ಹೊಕ್ಕಿದೆ ಮಾರಾಯ್ತಿ" ಎಂದಳು ಸೆಲ್ವಿ. ಯಾವಾಗಲೂ ಹೀಗೇ ಬರುತ್ತದೆ ಎಂದು ನನಗೂ ಪೂರ್ತಿ ನಂಬಿಕೆ ಬರಲಿಲ್ಲ.

ಅದೇ ವರ್ಷ ಶಿವಮೊಗ್ಗದಲ್ಲಿ ಗಣಿತ ಸ್ಪರ್ಧೆ. 5,37,24,616 ಹನ್ನೊಂದರಿಂದ ಭಾಗವಾಗುತ್ತದೆಯೇ ಎಂಬುದು ಒಂದು ಪ್ರಶ್ನೆ. ಮನಸ್ಸಿನಲ್ಲೇ ಅಂಕಿ ಹಂಚಿದೆ, ಹದಿನೇಳು ಹದಿನೇಳು ಸಮ. "ಹೌದು" ಎಂದಷ್ಟೇ ಬರೆದೆ. ಬಹುಮಾನ ಹೇಳುವ ಮುಂಚೆ ಪರೀಕ್ಷಕರು ನನ್ನನ್ನು ಕರೆದರು.

"ಲೆಕ್ಕ ಮಾಡಿದ ಗುರುತೇ ಇಲ್ಲ. ಯಾರದ್ದು ನೋಡಿ ಬರ್ದೆ?"

ಬಾಗಿಲ ಬಳಿ ನಿಂತಿದ್ದ ಅಪ್ಪ ತಲೆ ತಗ್ಗಿಸಿದರು. ಕಳ್ಳಿ ಎನಿಸಿಕೊಂಡು ಊರಿಗೆ ಹೋದರೆ ನನ್ನ ಓದು ಅಲ್ಲಿಗೇ ನಿಲ್ಲುತ್ತದೆ ಎಂಬುದು ನನಗೆ ಗೊತ್ತಿತ್ತು.

ಪರೀಕ್ಷಕರು ಬೋರ್ಡಿನ ಮೇಲೆ 9,18,25,327 ಎಂದು ಬರೆದರು. ನನ್ನ ಪಾಲು ಇಪ್ಪತ್ನಾಲ್ಕು, ಸೆಲ್ವಿಯ ಪಾಲು ಹದಿಮೂರು. ಸಮವಿಲ್ಲ. "ಆಗಲ್ಲ" ಎನ್ನಬೇಕಿತ್ತು. ಆದರೆ ಅವರು ನನ್ನ ಬಾಯನ್ನೇ ನೋಡುತ್ತಿದ್ದ ರೀತಿ ನನಗೆ ಸರಿಬರಲಿಲ್ಲ. ಚಾಕ್‌ಪೀಸು ತೆಗೆದುಕೊಂಡು ಉದ್ದಕ್ಕೆ ಭಾಗಿಸಿದೆ. ಶೇಷ ಸೊನ್ನೆ.

"ಭಾಗ ಆಗುತ್ತೆ ಸಾರ್. ಆದ್ರೆ ನಮ್ಮಾಟದ ಪ್ರಕಾರ ಆಗ್ಬಾರ್ದಿತ್ತು."

"ಯಾವ ಆಟ?"

ಹೇಳಿದೆ. ಅವರ ಮುಖ ಸಡಿಲವಾಯಿತು. "ಇಪ್ಪತ್ನಾಲ್ಕರಲ್ಲಿ ಹದಿಮೂರು ಹೋದ್ರೆ ಎಷ್ಟಮ್ಮ?"

"ಹನ್ನೊಂದು."

"ಸಮ ಬಂದ್ರೂ ಆಗುತ್ತೆ, ಹನ್ನೊಂದು ಹೆಚ್ಚು ಬಂದ್ರೂ ಆಗುತ್ತೆ. ಅರ್ಧ ನಿಯಮ ನೀವೇ ಕಂಡ್ಕೊಂಡಿದ್ದೀರಿ."

ಮುಂದೆ ನಾನು ಪದವಿ ಮುಗಿಸಿದೆ, ನಮ್ಮ ಮನೆಯಲ್ಲಿ ಮೊದಲನೆಯವಳು. ಸೆಲ್ವಿಯ ಮನೆಯವರು ಊರು ಬಿಟ್ಟರು. ಗೇಟಿದ್ದಲ್ಲಿ ಈಗ ಮೇಲ್ಸೇತುವೆ. ಒಂದು ದೊಡ್ಡ ಸಂಖ್ಯೆಯನ್ನು ಹಂಚಿಕೊಂಡು ಜಗಳವಾಡಲು ನನಗೆ ಮತ್ತೆ ಯಾರೂ ಸಿಗಲಿಲ್ಲ.

ಅಂದು ವೇದಿಕೆಯಿಂದ ಇಳಿದು ಬಹುಮಾನದ ಸರ್ಟಿಫಿಕೇಟನ್ನು ಅಪ್ಪನ ಕೈಗಿಟ್ಟೆ. ಓದು ಬಾರದ ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನನಗೇ ವಾಪಸು ಕೊಟ್ಟರು.

"ಹೆಸ್ರು ನಿಂದೇನಾ, ಸರಿಯಾಗಿ ಓದ್ನೋಡು ಪುಟ್ಟಿ. ಬೇರೆಯವ್ರದ್ದಾದ್ರೆ ಇಲ್ಲೇ ಕೊಟ್ಟು ಹೋಗೋಣ."